ಅಕ್ಕನ ಸೈಕಲ್ಲು, ನನ್ನ ಕಾಲು

ಮಾರ್ಚ್ ೩, ಸೋಮವಾರ

ಅಕ್ಕ ಹೋಗಿ ವಾರವಾಯಿತು. ಐವತ್ತಾರನೆಯ ವಯಸ್ಸಿನಲ್ಲಿ ಮದುವೆಯಾಗಿ, ಹದಿನಾರರವಳ ಹಾಗೆ ಕೈ ಬೀಸುತ್ತಾ ವ್ಯಾನು ಹತ್ತಿದಳು. ವ್ಯಾನು ಭಾವನದೇ, ಸಾಮಾನು ಸಾಗಿಸುವುದು ಅವರ ಕಸುಬು. ಮೊದಲ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿದೆ. ಒಳ್ಳೆಯ ಮನುಷ್ಯ. ಬೈಯೋಣವೆಂದರೆ ಒಂದು ಕಾರಣವನ್ನೂ ಕೊಡದ ಮನುಷ್ಯ. ನನ್ನ ಸಿಟ್ಟೆಲ್ಲ ಅದಕ್ಕೇ.

ಈ ಮಹಡಿಯ ಎರಡು ಕೋಣೆಗಳಲ್ಲಿ ಬಟ್ಟೆ ಹೊಲಿಯುತ್ತಲೇ ನಾವಿಬ್ಬರೂ ತಲೆ ನರೆಸಿಕೊಂಡೆವು. ಅಳತೆ ತೆಗೆದು ಕತ್ತರಿಸುವುದು ಅಕ್ಕ, ಹೊಲಿಯುವುದು ನಾನು. ನಾನು ಕತ್ತರಿಗೆ ಕೈ ಹಾಕಿದರೆ, "ಬಿಡೇ ಗುಂಡಿ, ಬಟ್ಟೆ ಹಾಳು ಮಾಡ್ತೀಯ" ಅನ್ನುತ್ತಿದ್ದಳು. ಗಿಡ್ಡಗೆ ಉರುಟಾಗಿದ್ದೇನೆಂದೂ, ಅಂಗಿಗೆ ಗುಂಡಿ ಹಚ್ಚುವವಳೆಂದೂ ಎರಡನ್ನೂ ಸೇರಿಸಿ ಅವಳಿಟ್ಟ ಹೆಸರು ಅದು. ಐವತ್ತು ದಾಟಿದರೂ ಗುಂಡಿ ಗುಂಡಿಯೇ.

ಅವಳ ಕಣ್ಣು ಮಂಜಾದ ಮೇಲೆ ಅವಳ ಮಿಷನ್ನಿಗೂ ನಾನೇ ದಾರ ಪೋಣಿಸಿಕೊಡುತ್ತಿದ್ದೆ. ಇವತ್ತು ಬೆಳಿಗ್ಗೆ ಎರಡು ಮಿಷನ್ನಿಗೂ ಪೋಣಿಸಿಟ್ಟೆ. ಪೋಣಿಸಿ ಮುಗಿದ ಮೇಲೆ ಗೊತ್ತಾಯಿತು. ದಾರ ತೆಗೆಯಲು ಮನಸ್ಸು ಬರಲಿಲ್ಲ. ಹಾಗೇ ಮುಸುಕು ಹಾಕಿದೆ.

ಮಧ್ಯಾಹ್ನ ಫೋನ್ ಮಾಡಿದ್ದಳು. "ನಮ್ಮ ಹಿಂದಿನ ರೂಮು ಖಾಲಿ ಬಿದ್ದಿದೆ ಕಣೇ. ತಿಂಗಳ ಕೊನೇ ಭಾನುವಾರ ವ್ಯಾನ್ ತಗೊಂಡು ಬರ್ತೀವಿ. ಗಂಟುಮೂಟೆ ಕಟ್ಟಿಟ್ಟಿರು." ಹೂಂ ಅಂದೆ. ಅವಳು ಹೇಳಿದ್ದಕ್ಕೆ ಹೂಂ ಅನ್ನದೇ ಇದ್ದದ್ದು ನನಗೆ ನೆನಪೇ ಇಲ್ಲ. ಸಂಜೆ ಕೆಳಗಿನ ಮನೆಯೊಡತಿ ಮೆಟ್ಟಿಲ ಬಳಿ ನಿಲ್ಲಿಸಿಕೊಂಡರು. "ನೀವೂ ಹೋಗ್ತೀರಂತೆ, ನಿಮ್ಮಕ್ಕ ಹೇಳಿದ್ರು. ತಿಂಗಳು ಮುಗಿಯೋದ್ರೊಳಗೆ ನಿಮ್ಮ ಬಾಯಲ್ಲೇ ಒಂದು ಮಾತು ಹೇಳ್ಬಿಡಿ. ನನ್ನ ತಮ್ಮನ ಮಗಳು ಮನೆ ಹುಡುಕ್ತಿದ್ದಾಳೆ." ಅದಕ್ಕೂ ಹೂಂ ಅಂದೆ.

ಹೋಗಿಬಿಡುವುದೇ ಸರಿ. ನಮಗೆ ಇಲ್ಲಿ ಇನ್ನೇನಿದೆ?

ಮಾರ್ಚ್ ೪, ಮಂಗಳವಾರ

ನದಿಯಾಚೆಯ ಆಸ್ಪತ್ರೆಯಿಂದ ಹೆಡ್ ನರ್ಸ್ ಫೋನ್ ಮಾಡಿದ್ದರು. ವಾರ್ಡಿನಲ್ಲಿ ಹಾಸಿಗೆಗೂ ಹಾಸಿಗೆಗೂ ನಡುವೆ ಇಳಿಬಿಡುವ ಪರದೆಗಳನ್ನು ನಾವೇ ಹೊಲಿದುಕೊಡುವುದು. ಈಗ ಅವು ಹರಿದು ಜಾಲರಿಯಾಗಿವೆಯಂತೆ.

"ಅಕ್ಕ ಇಲ್ಲಲ್ಲ," ಅಂದೆ.

"ನೀವಿದ್ದೀರಲ್ಲ? ಈ ತಿಂಗಳೊಳಗೆ ಆಗಬೇಕು ನೋಡಿ. ಆಗಲ್ಲ ಅಂದ್ರೆ ಈಗಲೇ ಹೇಳಿ, ಬೇರೆಯವರನ್ನ ನೋಡ್ತೀವಿ."

ಆಗಲ್ಲ ಅನ್ನಲಿಲ್ಲ. ಒಪ್ಪಿದೆನೆಂದು ತಿಳಿದು ಅವರು ಫೋನ್ ಇಟ್ಟರು.

ಸೇತುವೆ ದುರಸ್ತಿಯಲ್ಲಿದೆ, ಬಸ್ಸು ಬಿಡುವುದಿಲ್ಲ. ನಡೆಯುವವರಿಗೂ ಸೈಕಲ್ಲಿನವರಿಗೂ ಮಾತ್ರ ದಾರಿ. ಬಟ್ಟೆಯ ಗಂಟು ಹೊತ್ತು ನಡೆಯುವ ವಯಸ್ಸು ನನ್ನದಲ್ಲ. ಮೆಟ್ಟಿಲ ಕೆಳಗೆ ಅಕ್ಕನ ಸೈಕಲ್ಲಿದೆ. ಭಾವ ಹೊಸದು ಕೊಡಿಸುತ್ತಾರೆಂದು ಇದನ್ನು ಬಿಟ್ಟುಹೋಗಿದ್ದಾಳೆ. ಹೆಂಗಸರ ಸೈಕಲ್ಲೇ, ನಡುವಿನ ದಂಡ ಬಾಗಿದೆ. ಆದರೆ ಯಾವ ಕಾಲದ ಹೆಂಗಸರಿಗೋ! ನಾವು ಹುಟ್ಟುವ ಮೊದಲೇ ಹುಟ್ಟಿದ್ದು, ಒಂಟೆಯಂಥದ್ದು. ಅಕ್ಕನಿಗೆ ಕಾಲೂ ಉದ್ದ, ಕೈಯೂ ಉದ್ದ. ನಾನು ಇಷ್ಟು ವರ್ಷ ಹಿಂದಿನ ಕ್ಯಾರಿಯರ್ ಮೇಲೆ, ಮಡಿಲಲ್ಲಿ ಬಟ್ಟೆ ಗಂಟು ಇಟ್ಟುಕೊಂಡು, ಅವಳ ಬೆನ್ನು ನೋಡುತ್ತಾ ಊರು ಸುತ್ತಿದವಳು.

ಸೈಕಲ್ ತುಳಿಯಲು ಬಾರದೆಂದಲ್ಲ. ಹಳ್ಳಿಯಲ್ಲಿ ಅಪ್ಪನ ಸೈಕಲ್ಲಿನ ಮೇಲೆ ಒಳಪೆಡಲು ಹೊಡೆದು ಮೊಣಕಾಲು ಕಿತ್ತುಕೊಂಡವಳೇ. ಇವತ್ತು ಮೆಟ್ಟಿಲ ಮೇಲೆ ನಿಂತು ಹೇಗೋ ಹತ್ತಿದೆ. ಎರಡು ಕಾಲೂ ಒಣಹಾಕಿದ ಬಟ್ಟೆಯ ಹಾಗೆ ತೂಗಾಡಿದವು. ಹ್ಯಾಂಡಲ್ಲು ಸಿರಿವಂತ ನೆಂಟರ ಹಾಗೆ ದೂರದಿಂದಲೇ ಮಾತಾಡಿಸಿತು. ಆಮೇಲೆ ಮನೆಯೊಡತಿಯ ಹೂಕುಂಡ ಒಡೆಯಿತು.

ಮಾರ್ಚ್ ೬, ಗುರುವಾರ

ತಿರುವಿನಲ್ಲಿರುವ ಸೈಕಲ್ ರಿಪೇರಿಯವರ ಹತ್ತಿರ ತಳ್ಳಿಕೊಂಡು ಹೋದೆ. "ಸೀಟು ಇಳಿಸಿಕೊಡಿ ಅಣ್ಣ, ಅಷ್ಟೇ." ಅಷ್ಟೇ ಎಂದದ್ದು ತಪ್ಪಾಯಿತು.

ಸೀಟು ಒಂದು ಕಬ್ಬಿಣದ ಕಂಬಿಯ ತಲೆಯ ಮೇಲೆ ಕೂತಿರುತ್ತದೆ. ಆ ಕಂಬಿ ಸೈಕಲ್ಲಿನ ಮೈಯೊಳಗೆ ಇಳಿದಿರುತ್ತದೆ. ನಟ್ಟು ಸಡಿಲಿಸಿದರೆ ಏರಬೇಕು, ಇಳಿಯಬೇಕು. ಇದು ಎರಡನ್ನೂ ಮಾಡಲಿಲ್ಲ. ರಿಪೇರಿಯವರು ಎಣ್ಣೆ ಬಿಟ್ಟರು, ಸುತ್ತಿಗೆಯಲ್ಲಿ ಬಡಿದರು, ಬೆಂಕಿ ಕೊಟ್ಟರು, ಸೈಕಲ್ಲಿನ ಹಿಂದಿನ ಒಡೆಯರನ್ನೆಲ್ಲ ಬೈದರು.

"ಇದು ಕಂಬಿಯಲ್ಲ ಟೈಲರಮ್ಮ, ಬೇರು. ನಿಮ್ಮಕ್ಕ ಒಂದ್ಸಲನೂ ಬಿಚ್ಚಿಲ್ವಾ?"

"ಅವಳಿಗೆ ಸರಿಯಾಗಿತ್ತಲ್ಲ. ಯಾಕೆ ಬಿಚ್ತಾಳೆ?"

ಕೊನೆಗೆ ತಿರುಚಿ ಎಳೆದಾಗ ಬಂತು, ಆದರೆ ಸೊಟ್ಟಗಾಗಿ, ಬಿರುಕು ಬಿಟ್ಟು. ಅವರು ಅದನ್ನು ಎತ್ತಿ ಹಿಡಿದು, ತಾವೇ ಮಾಡಿದ್ದಲ್ಲವೆಂಬಂತೆ, "ಹೋಯ್ತು ಇದು" ಅಂದರು.

ಅಕ್ಕನಿಗೆ ಹೇಳಬೇಕು. ಇವತ್ತು ಬೇಡ.

ಮಾರ್ಚ್ ೮, ಶನಿವಾರ

ಹೊಸ ಕಂಬಿ ತಂದೆ. ಹಳೆಯ ಕಂಬಿಗೆ ಟೇಪು ಸುತ್ತಿ, ಸೊಂಟದ ಅಳತೆ ತೆಗೆದ ಹಾಗೆ ಅಳತೆ ತೆಗೆದೆ. ಹೊಲಿಯುವವರು ಮೈಗೆ ಮೈಯಷ್ಟೇ ಬಟ್ಟೆ ಇಡುವುದಿಲ್ಲ. ಕೂತು ಏಳಲು ಸ್ವಲ್ಪ ಸಡಿಲ ಬಿಡುತ್ತಾರೆ. ಇಲ್ಲಿ ಕಂಬಿಯೇ ಒಳಗಿನ ಮೈಯಲ್ಲವೇ? ಅದಕ್ಕೆ ಒಂದು ಎಳೆ ಸಣ್ಣದನ್ನೇ ಕೇಳಿದೆ.

"ಸಣ್ಣ ಅನ್ಸುತ್ತಪ್ಪ," ಅಂದರು ರಿಪೇರಿಯವರು.

"ಸ್ವಲ್ಪ ಸಡಿಲ ಬೇಡ್ವಾ ಅಣ್ಣ? ಮತ್ತೆ ಕಚ್ಕೊಂಡ್ರೆ?"

"ಅದೂ ನಿಜವೇ. ನಟ್ಟು ಬಿಗಿ ಮಾಡಿದ್ರೆ ನಿಲ್ಲುತ್ತೆ ಬಿಡಿ."

ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಇಳಿಯಿತು. ಸೀಟು ನನ್ನ ಎತ್ತರಕ್ಕೆ ಬಂತು. ಅಂಗಡಿಯ ಮುಂದೆ ಒಂದು ಸುತ್ತು ಹೊಡೆದೆ. ಯಾರಿಗಾದರೂ ಹೇಳೋಣವೆನಿಸಿತು. ಮನೆಗೆ ಬಂದು ಇಸ್ತ್ರಿ ಪೆಟ್ಟಿಗೆಗೆ ಹೇಳಿದೆ.

ಮಾರ್ಚ್ ೧೦, ಸೋಮವಾರ

ಆಸ್ಪತ್ರೆಗೆ ಹೊರಟೆ, ಮುಟ್ಟಲಿಲ್ಲ.

ಮಾರುಕಟ್ಟೆ ದಾಟುವಾಗ ಸೀಟು ಸರಿಯಿತ್ತು. ಶಾಲೆಯ ಗೋಡೆಯ ಹತ್ತಿರ ರಸ್ತೆ ಯಾಕೋ ಎತ್ತರವಾದಂತೆ ಕಂಡಿತು. ಎತ್ತರವಾದದ್ದು ರಸ್ತೆಯಲ್ಲ, ಇಳಿದದ್ದು ನಾನು. ಪ್ರತಿ ಗುಂಡಿಗೂ ಕಂಬಿ ಒಂದಿಷ್ಟು ಒಳಗೆ ಜಾರುತ್ತಿತ್ತು. ಸೇತುವೆ ಬರುವಷ್ಟರಲ್ಲಿ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಸೇತುವೆ ಕೆಲಸದವನೊಬ್ಬ, "ಏನಮ್ಮಾ, ಮಗುವಿನ ಸೈಕಲ್ ಕದ್ಕೊಂಡು ಬಂದ್ಯಾ?" ಅಂದ. ಎಲ್ಲರೂ ನಕ್ಕರು. ನನಗೂ ನಗು ಬಂತು, ಆದರೆ ಜೊತೆಗೆ ನಗಲು ಯಾರೂ ಇರಲಿಲ್ಲವಾದ್ದರಿಂದ ಅದು ಅರ್ಧಕ್ಕೇ ನಿಂತಿತು.

ಮನೆಗೆ ತಂದು ಕಂಬಿಗೆ ದಪ್ಪ ಬಟ್ಟೆಯ ಪಟ್ಟಿ ಸುತ್ತಿ, ಹೊಲಿಗೆ ಹಾಕಿ, ತುರುಕಿದೆ. ನೋಡಲು ಚೆಂದವಿತ್ತು. ತಿರುವು ದಾಟುವಷ್ಟರಲ್ಲಿ ಬಟ್ಟೆ ಹಿಂಜಿ, ಸೀಟು ನನ್ನನ್ನು ಕೂರಿಸಿಕೊಂಡೇ ತಿರುಗಿ ಪಕ್ಕದ ಮನೆಯ ಕಿಟಕಿ ತೋರಿಸಿತು.

ಮಾರ್ಚ್ ೧೩, ಗುರುವಾರ

ಯಾರೂ ಬರಲಿಲ್ಲ. ಹೊಲಿಯಲು ಕತ್ತರಿಸಿಟ್ಟ ಬಟ್ಟೆ ಒಂದೂ ಉಳಿದಿಲ್ಲ. ಅಕ್ಕ ಕತ್ತರಿಸಿ ಹೋದದ್ದೆಲ್ಲ ಮುಗಿಯಿತು.

ಫೋನ್ ಬಡಿದುಕೊಂಡಿತು. ಅಕ್ಕನೇ. ತೆಗೆಯಲಿಲ್ಲ.

ಮಾರ್ಚ್ ೧೭, ಸೋಮವಾರ

ಸಡಿಲ ಬಿಟ್ಟದ್ದೇ ತಪ್ಪೆಂದು ಈಗ ಗೊತ್ತಾಗಿದೆ. ಕಂಬಿಗೆ ಏಳುವ ಕೂರುವ ಕೆಲಸವಿಲ್ಲ, ಕಚ್ಚಿ ನಿಲ್ಲುವುದೇ ಅದರ ಕೆಲಸ. ಆದರೆ ಕಚ್ಚಿ ನಿಲ್ಲುವ ಕಂಬಿ ಎಲ್ಲಿದೆ? ರಿಪೇರಿಯವರ ಹತ್ತಿರ ಇರುವುದು ಒಂದೋ ಒಳಗೇ ಹೋಗದಷ್ಟು ದಪ್ಪ, ಒಂದೋ ನನ್ನದರಷ್ಟೇ ಸಣ್ಣ. "ಈ ಹಳೇ ಕಾಲದವರು ತಮಗೆ ತೋಚಿದ ಸೈಜ್ ಮಾಡ್ಕೊಂಡಿದ್ರು ಟೈಲರಮ್ಮ. ಇದಕ್ಕೆ ಇನ್ನು ಸಿಗಲ್ಲ. ಮಾರ್ಬಿಡಿ," ಅಂದರು.

ಅಳತೆಯನ್ನು ನಂಬಿ ಒಮ್ಮೆ ಕೆಟ್ಟಿದ್ದೆ. ಗಿರಾಕಿಯನ್ನೇ ಕರೆದು ಬಟ್ಟೆ ತೊಡಿಸಿ ನೋಡುತ್ತೇವಲ್ಲ, ಹಾಗೆ ಇವತ್ತು ಸೈಕಲ್ಲನ್ನೇ ಗುಜರಿ ಅಂಗಡಿಗೆ ತಳ್ಳಿಕೊಂಡು ಹೋದೆ. ಸೀಟಿಲ್ಲದ ಸೈಕಲ್ಲು, ತಳ್ಳುವ ಕುಳ್ಳಿ. ದಾರಿಯುದ್ದಕ್ಕೂ ಜನರಿಗೆ ಪುಕ್ಕಟೆ ಮನರಂಜನೆ.

ಗುಜರಿಯ ಅಜ್ಜಿ ಮೊಳೆಗಳನ್ನು ಆರಿಸುತ್ತಾ ಕೂತಿದ್ದರು. "ಏನು ಮಗಳೇ, ಸೀಟು ಮಾರ್ಕೊಂಡು ಸೈಕಲ್ ಉಳಿಸ್ಕೊಂಡ್ಯಾ?"

"ಕಂಬಿ ಬೇಕಜ್ಜಿ."

"ಅಳತೆ ಹೇಳು."

"ಅಳತೆ ಬೇಡ. ಟ್ರಯಲ್ ನೋಡ್ತೀನಿ."

ಅಜ್ಜಿ ಬಾಯಿ ತುಂಬ ನಕ್ಕು, ರಾಶಿಯ ಕಡೆ ಕೈ ತೋರಿಸಿದರು. ರಾಶಿ ನನ್ನೆತ್ತರ ಇತ್ತು. ಒಂದೊಂದನ್ನೇ ಎಳೆದು, ಒರೆಸಿ, ತೂತಿಗಿಟ್ಟು ನೋಡಿದೆ. ಕೆಲವು ಬಾಗಿಲಲ್ಲೇ ನಿಂತವು. ಕೆಲವು ಒಳಗೆ ಬಿದ್ದು ಗಡಗಡ ಅಂದವು. ಬಿಸಿಲು ಗೋಡೆಯಿಂದ ಇಳಿದು ನನ್ನ ಕಾಲ ಹತ್ತಿರ ಬಂದಿತ್ತು. ಆಗ ಒಂದು ಸಿಕ್ಕಿತು. ಮೋಟು ಕಂಬಿ, ತಲೆಯ ಹತ್ತಿರ ಮೊಣಕೈಯಂತೆ ಬಾಗಿ ಒಂದು ಪಕ್ಕಕ್ಕೆ ಚಾಚಿಕೊಂಡಿದೆ. ಸೀಟು ಕೂರುವುದು ಆ ಚಾಚಿದ ತುದಿಯಲ್ಲಿ. ಒತ್ತಿದರೆ ಒಲ್ಲೆ ಅಂದಿತು. ತಿರುವುತ್ತಾ ಒತ್ತಿದೆ. ಒಳಗಿನ ಗಾಳಿ ಉಸ್ಸೆಂದು ಹೊರಬಂದು, ನಿಧಾನವಾಗಿ ಇಳಿದು, ನಾನು ಬಿಟ್ಟಲ್ಲಿ ನಿಂತಿತು. ನಟ್ಟು ಇನ್ನೂ ಬಿಗಿದಿರಲೇ ಇಲ್ಲ.

"ಯಾರದ್ದಜ್ಜಿ ಇದು?"

"ಇಲ್ಲಿಗೆ ಬಂದ್ಮೇಲೆ ಯಾರದ್ದೂ ಅಲ್ಲ. ತಗೊಂಡು ಹೋಗು. ನನ್ನ ಸ್ವೆಟರಿಗೆ ಮೊಣಕೈ ಹತ್ರ ತೇಪೆ ಹಾಕ್ಕೊಡು, ಸಾಕು."

ಮಾರ್ಚ್ ೧೮, ಮಂಗಳವಾರ

ಜಾರುವುದಿಲ್ಲ, ತಿರುಗುವುದಿಲ್ಲ. ಎತ್ತರವೂ ಸರಿ. ಆದರೆ ಬೆನ್ನು ಮುರಿದುಹೋಯಿತು! ಕಂಬಿಯ ಚಾಚು ಹಿಂದಕ್ಕಿರುವುದರಿಂದ ಸೀಟು ಹಿಂದೆ ಹೋಗಿ ಕೂತಿದೆ. ಹ್ಯಾಂಡಲ್ ಹಿಡಿಯಲು ನಾನು ಪೂರ್ತಿ ಬಗ್ಗಿ, ಬಾವಿಗೆ ಇಣುಕುವವಳಂತೆ ತುಳಿಯಬೇಕು. ಅಕ್ಕನ ಕೈಗಾದರೆ ಸರಿ.

ರಿಪೇರಿಯವರಿಗೆ, "ಇದನ್ನ ಮುಂದಕ್ಕೆ ತಿರುಗಿಸಿ ಅಣ್ಣ," ಅಂದೆ.

"ಯಾರಾದ್ರೂ ಹಾಗೆ ಹಾಕ್ತಾರಾ? ಹಿಂದುಮುಂದು ಆಗುತ್ತೆ."

"ಮಾಸಿದ ಕೋಟನ್ನ ಮಗುಚಿ ಒಳಮೈ ಹೊರಗೆ ಮಾಡಿ ಹೊಲೀತೀವಿ. ಯಾರೂ ಬೇಡ ಅಂದಿಲ್ಲ."

"ನೋಡೋಕೆ ಚೆನ್ನಾಗಿರಲ್ಲ ಟೈಲರಮ್ಮ."

"ಕೂತ ಮೇಲೆ ಯಾರಿಗೆ ಕಾಣುತ್ತೆ?"

ಅವರ ಕೈಯಿಂದ ಸ್ಪ್ಯಾನರ್ ಇಸಿದುಕೊಂಡು ನಾನೇ ತಿರುಗಿಸಿದೆ. ಸೀಟಿನ ಮೂಗನ್ನು ನೇರ ಮಾಡಿ, ಬಿಗಿದು, ಹತ್ತಿದೆ. ಬೆನ್ನು ನೆಟ್ಟಗೆ ನಿಂತಿತು. ಮೊಣಕೈ ತಾನಾಗಿ ಮಡಿಸಿಕೊಂಡಿತು. ನಿಲ್ಲಿಸಿದರೆ ಕಾಲ ತುದಿ ನೆಲ ಮುಟ್ಟಿತು.

ನದಿಯ ತನಕ ಹೋಗಿ ಬಂದೆ. ಕೆಲಸವೇನೂ ಇರಲಿಲ್ಲ.

ಮಾರ್ಚ್ ೨೧, ಶುಕ್ರವಾರ

ಆಸ್ಪತ್ರೆಗೆ ಹೋದೆ. ಸೇತುವೆ ಕೆಲಸದವನು ಗುರುತು ಹಿಡಿದು, "ದೊಡ್ಡದಾಯ್ತು ನಿಮ್ಮ ಸೈಕಲ್ಲು!" ಎಂದು ಕೂಗಿದ. "ಚೆನ್ನಾಗಿ ತಿನ್ನಿಸ್ತಿದ್ದೀನಿ!" ಎಂದು ಕೂಗಿದೆ.

ವಾರ್ಡಿನಲ್ಲಿ ಏಣಿ ಹತ್ತಿ ಅಳತೆ ತೆಗೆಯುವಾಗ ಕಿಟಕಿ ಪಕ್ಕದ ಹಾಸಿಗೆಯ ಮುದುಕಿಯೊಬ್ಬರು ಕೈಸನ್ನೆ ಮಾಡಿ ಕರೆದರು. "ಪರದೆ ನೆಲದ ತನಕ ಬಿಡಬೇಡಮ್ಮ. ಕೆಳಗೆ ಒಂದಿಷ್ಟು ಜಾಗ ಇರಲಿ. ಓಡಾಡೋರ ಕಾಲಾದ್ರೂ ಕಾಣುತ್ತೆ."

ಹೆಡ್ ನರ್ಸನ್ನು ಕೇಳಿದೆ. "ಇಷ್ಟು ವರ್ಷ ಹೇಗಿತ್ತೋ ಹಾಗೆ ಇರಲಿ ಅಂತಿದ್ದೆ. ನಿಮಗೇನನ್ಸುತ್ತೆ?" ಅಂದರು. ಮೊಣಕಾಲಿಗಿಂತ ಸ್ವಲ್ಪ ಕೆಳಗೆ ನಿಲ್ಲಿಸುತ್ತೇನೆ ಅಂದೆ. ಬಟ್ಟೆಯೂ ಉಳಿಯುತ್ತದೆ.

ಸಂಜೆ ಮೇಜಿನ ಮೇಲೆ ಬಟ್ಟೆ ಹಾಸಿ ಕತ್ತರಿಸಿದೆ. ಅಕ್ಕನ ಕತ್ತರಿ ನನ್ನ ಕೈಗೆ ದೊಡ್ಡದು, ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದಿದೆ. ನಾಳೆ ಹಿಡಿಗೆ ಬಟ್ಟೆ ಸುತ್ತಬೇಕು.

ಮಾರ್ಚ್ ೨೬, ಬುಧವಾರ

ಅರ್ಧ ಮುಗಿಯಿತು. ಅಜ್ಜಿಯ ಸ್ವೆಟರ್ ಕೊಟ್ಟೆ. ಅಕ್ಕ ಎರಡು ಸಲ ಫೋನ್ ಮಾಡಿದ್ದಾಳೆ, ಮಿಷನ್ ಸದ್ದಿನಲ್ಲಿ ಕೇಳಿಸಲಿಲ್ಲ. ತಿರುಗಿ ಮಾಡಬೇಕು. ಗಂಟುಮೂಟೆ ಇನ್ನೂ ಕಟ್ಟಿಲ್ಲ. ಪೆಟ್ಟಿಗೆ ಇಳಿಸಬೇಕೆಂದರೆ ಮೊದಲು ಮೇಜು ಖಾಲಿಯಾಗಬೇಕು.

ಮಾರ್ಚ್ ೩೦, ಭಾನುವಾರ

ಅಕ್ಕ, ಭಾವ ಬಂದಿದ್ದರು. ಅಕ್ಕ ಸ್ವಲ್ಪ ಸೊರಗಿದ್ದಾಳೆ. ಬಂದವಳೇ ಮೆಟ್ಟಿಲ ಕೆಳಗೆ ಸೈಕಲ್ಲಿನ ಹತ್ತಿರ ನಿಂತಳು.

"ಇದನ್ನ ಮೊದಲು ವ್ಯಾನಿಗೆ ಹಾಕೋಣ. ಹೊಸ ಸೈಕಲ್ಲೇನೋ ಚೆಂದ ಇದೆ, ಹತ್ತಿದ್ರೆ ಮಾತ್ರ ಮೈಯೆಲ್ಲ ನೋವು. ನನಗೆ ಇದೇ ಸರಿ." ಹೇಳುತ್ತಲೇ ಹತ್ತಿ ಕೂತಳು. ಕಾಲು ಮಡಚಿಹೋಗಿ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯಿತು. "ಅಯ್ಯೋ ಗುಂಡಿ! ಏನ್ಮಾಡಿಟ್ಟಿದ್ದೀಯ ಇದನ್ನ? ಸೀಟು ಎಲ್ಲಿಗೆ ಬಂದು ಕೂತಿದೆ! ನನ್ನ ಕಂಬಿ ಎಲ್ಲಿ?"

"ಅದು ಮುರೀತು."

"ಮುರೀತಾ? ಒಂದು ಮಾತು ಹೇಳ್ಬಾರ್ದಾ? ರೀ, ಸ್ಪ್ಯಾನರ್ ತನ್ನಿ. ಸದ್ಯಕ್ಕೆ ಹಿಂದಕ್ಕಾದ್ರೂ ತಿರುಗಿಸೋಣ."

ಭಾವ ವ್ಯಾನಿನಿಂದ ಸ್ಪ್ಯಾನರ್ ತಂದು, ಬಗ್ಗಿ, ನಟ್ಟಿಗೆ ಇಟ್ಟರು.

"ಮುಟ್ಟಬೇಡಿ ಭಾವ," ಅಂದೆ.

ನನ್ನ ದನಿ ಅಷ್ಟು ಜೋರಾಗಿ ಬಂದದ್ದು ಹೇಗೋ. ಮನೆಯೊಡತಿಯ ಕಿಟಕಿ ತೆರೆಯಿತು. ಭಾವ ಬಗ್ಗಿದವರು ಬಗ್ಗಿಯೇ ಇದ್ದರು.

"ಸೈಕಲ್ಲು ನಂದು ಕಣೇ," ಅಂದಳು ಅಕ್ಕ.

"ಹೌದು, ನಿಂದೇ. ಆದ್ರೆ ಕೊಡಲ್ಲ."

"ಹುಚ್ಚೇನೇ? ನೀನೂ ನಮ್ಮ ಜೊತೆ ಬರ್ತೀಯಲ್ಲ?"

"ನಾನೂ ಬರಲ್ಲ ಅಕ್ಕ."

ಹೀಗೆ ಹೇಳಬೇಕೆಂದು ಬೆಳಿಗ್ಗೆ ನನಗೇ ಗೊತ್ತಿರಲಿಲ್ಲ. ಹೇಳಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳೋಣವೆಂದೂ ಅನ್ನಿಸಲಿಲ್ಲ. ಅಕ್ಕ ಸೈಕಲ್ಲಿನಿಂದ ಇಳಿದು, ಮೆಟ್ಟಿಲು ಹತ್ತಿ ಮೇಲೆ ಹೋದಳು. ಹಿಂದೆಯೇ ಹೋದೆ. ಮೇಜಿನ ಮೇಲೆ ಪರದೆ ಬಟ್ಟೆ ಹಾಸಿತ್ತು. ಕತ್ತರಿಸಿದ ಅಂಚಿನುದ್ದಕ್ಕೂ ಅವಳು ಬೆರಳು ಓಡಿಸಿದಳು, ಕಣ್ಣಿಗಿಂತ ಬೆರಳಲ್ಲೇ ನೋಡುವವಳು ಅವಳು.

"ಯಾರು ಕತ್ತರಿಸಿದ್ದು?"

"ನಾನೇ."

"ಇಲ್ಲಿ ಸೊಟ್ಟ ಹೋಗಿದೆ."

"ಗೊತ್ತು. ಮಡಿಕೆಯೊಳಗೆ ಹೋಗುತ್ತೆ."

"ಹೂಂ," ಅಂದಳು ಅಕ್ಕ. ನನ್ನ ಪಾಲಿನ ಹೂಂ ಅದು, ಅವಳ ಬಾಯಲ್ಲಿ ಕೇಳಲು ಹೊಸದಾಗಿತ್ತು.

ಭಾವನೂ ನಾನೂ ಸೇರಿ ಅವಳ ಮಿಷನ್ನನ್ನು ಕೆಳಗಿಳಿಸಿದೆವು. ವ್ಯಾನಿನಲ್ಲಿ ಕೂತ ಮೇಲೆ ಕಿಟಕಿಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡಳು. ಭಾವನಿಗೆ ಕೇಳಿಸದ ಹಾಗೆ ಹೇಳಿದಳು: "ನೀನು ಹೇಗೂ ಬರ್ತೀಯ ಅಂತಲೇ ನಾನು ಮದುವೆಗೆ ಒಪ್ಪಿದ್ದು ಕಣೇ."

ವ್ಯಾನು ಹೊರಟಿತು. ಈ ಸಲ ಕೈ ಬೀಸಲಿಲ್ಲ, ತಿರುವಿನ ತನಕ ತಿರುಗಿ ನೋಡುತ್ತಲೇ ಇದ್ದಳು.

ಮಿಷನ್ ಇದ್ದ ಜಾಗದಲ್ಲಿ ನೆಲದ ಬಣ್ಣವೇ ಬೇರೆ. ಅಲ್ಲಿ ಏನಾದರೂ ಇಡೋಣವೆಂದು ನೋಡಿದೆ. ಇಡುವಂಥದ್ದು ಏನೂ ಇರಲಿಲ್ಲ.

ಮಾರ್ಚ್ ೩೧, ಸೋಮವಾರ

ಬೆಳಿಗ್ಗೆ ಮನೆಯೊಡತಿಗೆ ಇಲ್ಲೇ ಇರುತ್ತೇನೆಂದು ಹೇಳಿದೆ. "ನಿನ್ನೆ ಬೀದಿಗೆಲ್ಲ ಕೇಳಿಸ್ತು ಬಿಡಿ," ಅಂದರು. ಆಮೇಲೆ ಪರದೆಗಳನ್ನು ಕಟ್ಟಿಕೊಂಡು ಹೋಗಿ ಹಾಕಿಬಂದೆ. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಆ ಮುದುಕಿ ಎಲ್ಲಿಗೆ ಹೋದರೆಂದು ಕೇಳಲು ಧೈರ್ಯ ಬರಲಿಲ್ಲ. ಹಿಂದಿರುಗುವಾಗ ಎದುರುಗಾಳಿ. ಒಬ್ಬಳೇ ತುಳಿಯುವಾಗ ನದಿ ತುಂಬ ಅಗಲವಿದೆ.

ಸಂಜೆ ನಾನೇ ಅಕ್ಕನಿಗೆ ಫೋನ್ ಮಾಡಿದೆ. ತೆಗೆದಳು.

"ಹೊಸ ಸೈಕಲ್ಲು ಹತ್ತಿದ್ರೆ ಎಲ್ಲಿ ನೋಯುತ್ತೆ?" ಎಂದು ಕೇಳಿದೆ.

"ಮೊಣಕಾಲಿನ ಮುಂಭಾಗ," ಅಂದಳು. "ಮಣಿಕಟ್ಟೂ ನೋಯುತ್ತೆ. ಮುಂದಕ್ಕೆ ಜಾರ್ತಾ ಇರ್ತೀನಿ."

"ಸೀಟು ಕೆಳಗಿದೆ. ಮುಂದಕ್ಕೂ ಇದೆ, ಮೂಗು ಕೆಳಗೆ ಬಾಗಿದೆ. ಅವರಿವರ ಕೈಗೆ ಕೊಡಬೇಡ. ಭಾನುವಾರ ನಾನು ಬಂದು ನೋಡ್ತೀನಿ."

"ಎಷ್ಟು ಹೊತ್ತಿಗೆ ಬರ್ತೀಯ?"

"ಬೆಳಿಗ್ಗೆ. ಸಂಜೆಗೆ ಹಿಂದಿರುಗ್ತೀನಿ, ಸೋಮವಾರ ಕೆಲಸ ಇದೆ."

"ಆಯ್ತು," ಅಂದಳು ಅಕ್ಕ.

ಆಮೇಲೆ ಇಬ್ಬರೂ ಏನೂ ಮಾತಾಡಲಿಲ್ಲ. ಫೋನನ್ನೂ ಇಡಲಿಲ್ಲ.